'ಗೋಟ್' ಸಿನಿಮಾ: ಬಾಗಿಲು ತೆಗೆದೇ ಇತ್ತಲ್ಲ, ಒಬ್ಬನೂ ಯಾಕೆ ಎದ್ದು ಹೋಗಲಿಲ್ಲ?

ಹಿಂದಿನಬೆಂಚು:
ಆ್ಯಂಡ್ರ್ಯೂ ನೀಲ್ ನಿರ್ದೇಶನದ 'ಗೋಟ್' (2016) ಬಗ್ಗೆ ಫಿಲ್ಮ್ ಸೊಸೈಟಿಗೆ ಎರಡು ಪುಟದ ಟಿಪ್ಪಣಿ ಬರೆಯೋದಿದೆ. ನೋಡದೇ ಇರೋರಿಗೆ ಚುಟುಕಾಗಿ ಹೇಳೋದಾದ್ರೆ: ಬ್ರ್ಯಾಡ್ ಅನ್ನೋ ಹುಡುಗ ಪಾರ್ಟಿಯಿಂದ ಹೊರಟಾಗ ಗುರುತಿಲ್ಲದ ಇಬ್ಬರಿಗೆ ಲಿಫ್ಟ್ ಕೊಡ್ತಾನೆ. ಅವರು ಅವನನ್ನ ಹಣ್ಣುಗಾಯಿ ನೀರುಗಾಯಿ ಮಾಡಿ ಕಾರು ಕಿತ್ಕೊಂಡು ಹೋಗ್ತಾರೆ. ಮೈಮೇಲಿನ ಗಾಯ ಮಾಯೋದ್ರೊಳಗೆ ಅದೇ ಹುಡುಗ ತನ್ನ ಸೋದರ ಬ್ರೆಟ್ ಇರೋ ಕಾಲೇಜಿಗೆ ಹೋಗಿ, ಅವನದೇ ಫ್ರಟರ್ನಿಟಿ (ಕಾಲೇಜು ಹುಡುಗರ ಖಾಸಗಿ ಸಂಘ) ಸೇರೋಕೆ ತಾನಾಗೇ ತಲೆ ಕೊಡ್ತಾನೆ. ಅಲ್ಲಿ ಮತ್ತೆ ಏಟು, ಕೆಸರು, ಕುಡಿತ.

ನನಗೆ ಸಿಕ್ಕಿಹಾಕ್ಕೊಂಡಿರೋದು ಇಷ್ಟು. ಒಂದು, ಕೈಕಾಲಿಗೆ ಕೋಳ ಇಲ್ಲ, ಬಾಗಿಲಿಗೆ ಬೀಗ ಇಲ್ಲ. ಆದ್ರೂ ಯಾಕೆ ಹೋಗಲ್ಲ? ಎರಡು, ಸಿನಿಮಾ ವಾರಗಳನ್ನ ಹಾರಿಸ್ಕೊಂಡು ಹೋಗುತ್ತೆ, ನಿಜವಾದ ಕ್ರಮ ಏನು? ಮೂರು, ಬ್ರ್ಯಾಡ್ ಜೊತೆಗೇ ಸೇರೋಕೆ ಬಂದ ವಿಲ್ ಸಾಯೋದು ಹೃದಯಾಘಾತದಿಂದ, ಹೊಡೆತದಿಂದಲ್ಲ. ಇದು ಕಥೆಗಾರರು ಜಾರಿಕೊಂಡಿದ್ದಲ್ವಾ?

ಜೊತೆಗೆ 'ಪ್ಲೆಜ್' ಅನ್ನೋದಕ್ಕೆ ಕನ್ನಡದಲ್ಲಿ ಏನು ಬರೀಲಿ, ಅದನ್ನೂ ಹೇಳಿ.

ಉಪ್ಪಿಟ್ಟುವಿರೋಧಿ:
ಪ್ರಿಯಾಂಕಾ ಗಂಡ ಇರೋ ಸಿನಿಮಾ ಅಲ್ವಾ ಇದು?

ಹಿಂದಿನಬೆಂಚು:
ಹೌದು, ನಿಕ್ ಜೋನಸ್ ಬ್ರೆಟ್ ಪಾತ್ರದಲ್ಲಿ. ಆಗಿನ್ನೂ ಮದುವೆ ಆಗಿರಲಿಲ್ಲ. ಮುಂದಕ್ಕೆ ಹೋಗೋಣ್ವಾ?

ಗ್ರೀಕ್‌ಬೀದಿ:
ಕ್ರಮ ಗೊತ್ತಾದ್ರೆ 'ಯಾಕೆ ಹೋಗಲ್ಲ' ಅನ್ನೋದಕ್ಕೆ ಅರ್ಧ ಉತ್ತರ ಅದರಲ್ಲೇ ಸಿಗುತ್ತೆ.

ಸೆಮಿಸ್ಟರ್ ಶುರುವಲ್ಲಿ ರಷ್. ಒಂದೆರಡು ವಾರ ಫ್ರಟರ್ನಿಟಿಗಳ ಮನೆಮನೆ ಸುತ್ತಾಟ, ಊಟ, ಪಾರ್ಟಿ. ಆಗ ಎಲ್ಲರೂ ಬೆಣ್ಣೆಯಂಥ ಮಾತಾಡ್ತಾರೆ. ಆಮೇಲೆ ಒಳಗಿನವರು ಕೂತು ಒಬ್ಬೊಬ್ಬರ ಹೆಸರಿನ ಮೇಲೂ ಮತ ಹಾಕ್ತಾರೆ. ಪಾಸಾದವನಿಗೆ ಬಿಡ್, ಅಂದ್ರೆ ಆಹ್ವಾನ. ಅದನ್ನ ಒಪ್ಪಿಕೊಂಡ ಘಳಿಗೆಯಿಂದ ಅವನು ಪ್ಲೆಜ್. ಪೂರ್ತಿ ಸದಸ್ಯನಾದವನಿಗೆ ಆ್ಯಕ್ಟಿವ್ ಅಂತಾರೆ. ಈ ಎರಡರ ನಡುವಿನ ಆರೆಂಟು ವಾರಗಳೇ ಸಿನಿಮಾದ ಕಥೆ.

ಮೊದಲ ವಾರ ಕೊಡೋ ಕೆಲಸ ಸಣ್ಣದು. ಸ್ಥಾಪಕರ ಹೆಸರು, ಗ್ರೀಕ್ ಅಕ್ಷರಮಾಲೆ ಬಾಯಿಪಾಠ, ಪಾರ್ಟಿ ಮುಗಿದ ಮೇಲೆ ಮನೆ ತೊಳೆಯೋದು, ರಾತ್ರಿ ಒಂದು ಗಂಟೆಗೆ ಸೀನಿಯರ್‌ನ ಕಾರಲ್ಲಿ ಮನೆ ಮುಟ್ಟಿಸೋದು. ಇದನ್ನ ಬೇಡ ಅನ್ನೋಕೆ ಯಾರಿಗೂ ಕಾರಣ ಹೊಳೆಯಲ್ಲ. ಮೂರನೇ ವಾರ ಸಾಲಾಗಿ ನಿಲ್ಲಿಸಿ ಬೈಗುಳ. ನಡುವೆ ಬಿಗ್ ಬ್ರದರ್ ರಾತ್ರಿ, ಒಬ್ಬೊಬ್ಬನಿಗೂ ಒಬ್ಬ ಹಿರಿಯನನ್ನ ಗಂಟು ಹಾಕ್ತಾರೆ. ಕೊನೆಗೆ ಹೆಲ್ ವೀಕ್, ಎಲ್ಲಕ್ಕಿಂತ ಕಠಿಣವಾದ ಕೊನೇ ವಾರ. ಅಷ್ಟರಲ್ಲಿ ಶುಲ್ಕ ಕಟ್ಟಾಗಿದೆ, ಬೇರೆ ಸ್ನೇಹಿತರು ದೂರ ಆಗಿದ್ದಾರೆ, ಓದು ಹಳ್ಳ ಹಿಡಿದಿದೆ. ಇನ್ನು ಐದು ದಿನ ತಾಳಿಕೊಂಡ್ರೆ ಮುಗೀತು ಅನ್ನೋ ಲೆಕ್ಕಾಚಾರ ತಲೇಲಿ ಕೂತಿರುತ್ತೆ. ಹೆಲ್ ವೀಕನ್ನ ಮೊದಲ ದಿನವೇ ಮುಂದಿಟ್ಟಿದ್ರೆ ಹತ್ತರಲ್ಲಿ ಒಂಬತ್ತು ಜನ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡ್ತಿದ್ರು.

ಇನ್ನೊಂದು ವಿಷಯ. ಬ್ರ್ಯಾಡ್ ಮಾಮೂಲಿ ಪ್ಲೆಜ್ ಅಲ್ಲ, 'ಲೆಗಸಿ'. ಒಡಹುಟ್ಟಿದವನು ಒಳಗಿದ್ದಾನೆ. ಅವನು ಬಿಟ್ಟು ಹೋದ್ರೆ ಆ ಮನೇಲಿ ಬ್ರೆಟ್‌ನ ಮಾನವೂ ಹೋಗುತ್ತೆ. ಸಿನಿಮಾದ ನಿಜವಾದ ಬೀಗ ಅದು.

ಶಾಯಿಬಾಟಲಿ:
ಚಿಕ್ಕ ತಿದ್ದುಪಡಿ ಗ್ರೀಕ್‌ಬೀದಿಯವರೇ. ಈಗ ಕಾಗದದ ಮೇಲೆ 'ಪ್ಲೆಜ್' ಅನ್ನೋ ಪದಾನೇ ಬಹಳ ಕಡೆ ಇಲ್ಲ, 'ನ್ಯೂ ಮೆಂಬರ್' ಅಂತಾರೆ. ಸಿಗ್ಮಾ ಆಲ್ಫಾ ಎಪ್ಸಿಲಾನ್ ಅನ್ನೋ ಫ್ರಟರ್ನಿಟಿ 2014ರ ಮಾರ್ಚ್‌ನಲ್ಲಿ ಪ್ಲೆಜಿಂಗ್ ಪದ್ಧತಿಯನ್ನೇ ತೆಗೆದುಹಾಕ್ತು. ಬಿಡ್ ಒಪ್ಪಿದ 96 ಗಂಟೆಯೊಳಗೆ ದೀಕ್ಷೆ ಮುಗಿಸಬೇಕು ಅಂತ ನಿಯಮ ಬಂತು. ಉದ್ದೇಶ ಸರಳ: ನೀವು ಹೇಳಿದ ಆ ಆರೆಂಟು ವಾರಗಳನ್ನೇ ಇಲ್ಲವಾಗಿಸೋದು.

ಗ್ರೀಕ್‌ಬೀದಿ:
ಒಪ್ಪಿದೆ. ಆದ್ರೆ ಹೆಸರು ಬದಲಾಯಿಸಿದ ಕಡೆಯೆಲ್ಲ ಕೆಲಸ ಬದಲಾಗಿದೆ ಅಂತ ನಂಬಬೇಡಿ.

ಗಿರಣಿಚಾಳ:
ಅಲ್ರೀ, ಇದಕ್ಕ ನಾವು ರ‍್ಯಾಗಿಂಗ್ ಅಂತೀವಿ. ಹೆಸರ ಬ್ಯಾರೆ, ಹೊಡತ ಒಂದ. ಇಷ್ಟಕ್ಕ ಹೊಸಾ ಶಬ್ದ ಯಾಕ ಬೇಕ್ರಿ? ಟಿಪ್ಪಣಿಯೊಳಗ ರ‍್ಯಾಗಿಂಗ್ ಅಂತ ಬರದ್ರ ಎಲ್ಲಾರಿಗೂ ತಿಳೀತದ.

ಕಲಮುಕಟ್ಟೆ:
ತಿಳಿಯುತ್ತೆ, ಆದ್ರೆ ತಪ್ಪಾಗಿ ತಿಳಿಯುತ್ತೆ ಗಿರಣಿಚಾಳ ಅವರೇ. ರ‍್ಯಾಗಿಂಗ್‌ನಲ್ಲಿ ಹೊಸಬ ಏನನ್ನೂ ಕೇಳಿರಲ್ಲ. ಸೀಟು ಸಿಕ್ಕಿದೆ, ಹಾಸ್ಟೆಲ್‌ಗೆ ಬಂದಿದ್ದಾನೆ, ಸೀನಿಯರ್ ಹಿಡ್ಕೊಂಡ. ಹೇಜಿಂಗ್‌ನಲ್ಲಿ (ಗುಂಪಿಗೆ ಸೇರಿಸ್ಕೊಳ್ಳೋ ಮುಂಚೆ ಕೊಡೋ ಕಾಟಕ್ಕೆ ಅಲ್ಲಿನ ಹೆಸರು) ಅವನು ಒಂದು ಗುಂಪಿನ ಬಾಗಿಲು ತಟ್ಟಿರ್ತಾನೆ, ಏಟು ಆ ಬಾಗಿಲಿನ ಸುಂಕ. ಅದಕ್ಕೇ ಅಲ್ಲಿನ ಮೊಕದ್ದಮೆಗಳಲ್ಲಿ ಬಚಾವಿನ ಮೊದಲ ಮಾತು 'ಅವನೇ ಒಪ್ಪಿಕೊಂಡು ಬಂದಿದ್ದ' ಅಂತ. ಬಹಳ ರಾಜ್ಯಗಳ ಕಾನೂನು 'ಒಪ್ಪಿಗೆ ಇತ್ತು ಅನ್ನೋದು ಸಮರ್ಥನೆ ಆಗಲ್ಲ' ಅಂತ ಬೇರೆಯಾಗಿ ಬರೆದಿಟ್ಟಿರೋದು ಇದಕ್ಕೇ.

ನಮ್ಮಲ್ಲಿ ಆ ಪ್ರಶ್ನೆ ಏಳೋದೇ ಕಮ್ಮಿ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 116ನೇ ಸೆಕ್ಷನ್‌ನಲ್ಲಿ ರ‍್ಯಾಗಿಂಗ್‌ಗೆ 1 ವರ್ಷದವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2009ರ ಯುಜಿಸಿ ನಿಯಮಾವಳಿ ಬಂದ ಮೇಲೆ ವಿದ್ಯಾರ್ಥಿ ಮತ್ತು ಪೋಷಕರ ಮುಚ್ಚಳಿಕೆ, 1800-180-5522 ಸಹಾಯವಾಣಿ, ಇಡೀ ಗುಂಪಿಗೇ ಶಿಕ್ಷೆ ಕೊಡೋ ಅವಕಾಶ, ಎಲ್ಲಾ ಸೇರ್ಕೊಂಡ್ವು. ಕಾಲೇಜೇ ಜವಾಬ್ದಾರಿ ಅಂತ ಅಲ್ಲಿ ಹಿಡಿದಿದ್ದಾರೆ. ಅಮೆರಿಕದಲ್ಲಿ ಫ್ರಟರ್ನಿಟಿ ಖಾಸಗಿ ಸಂಘ. ಮನೆ ಎಷ್ಟೋ ಕಡೆ ಕ್ಯಾಂಪಸ್ ಗಡಿಯ ಆಚೆ. ಕಾಲೇಜಿನವರು 'ಅದು ನಮ್ಮ ಜಾಗ ಅಲ್ಲ' ಅಂತ ಕೈ ತೊಳ್ಕೊಳ್ಳೋಕೆ ದಾರಿ ಇತ್ತು.

ಗಿರಣಿಚಾಳ:
'ಬಾಗಲ ಸುಂಕ' ಅಂದ್ರಲ್ಲ, ಅದು ತಲಿಗೆ ಹೋತ್ರಿ. ಆದರ ನಮ್ಮ ಹಾಸ್ಟೆಲ್‌ನ್ಯಾಗೂ 'ನೀ ನಮ್ಮಾಂವ ಆಗಬೇಕಂದ್ರ' ಅಂತನ ಶುರು ಆಗೋದು. ಗೆರಿ ಅಷ್ಟು ದಪ್ಪ ಇಲ್ರಿ.

ಕಲಮುಕಟ್ಟೆ:
ಅದೂ ನಿಜವೇ.

ವಾರ್ಡ್ನಂಬರ್7:
ಕುಡಿತದ ದೃಶ್ಯಗಳ ಬಗ್ಗೆ ಯಾರೂ ಲೆಕ್ಕ ಹಾಕ್ತಿಲ್ಲ, ಹಾಕೋಣ. ಸಿನಿಮಾದಲ್ಲಿ ಆಡಿನ ಜೊತೆ ಒಂದು ಕೆಗ್ (ಪೀಪಾಯಿ) ಬಿಯರ್ ಇಟ್ಟು ಖಾಲಿ ಮಾಡಿ ಅಂತಾರಲ್ಲ. ಅಲ್ಲಿ ಪಾರ್ಟಿಗಳಿಗೆ ತರೋ ಮಾಮೂಲಿ ದೊಡ್ಡ ಕೆಗ್ 15.5 ಗ್ಯಾಲನ್, ಸುಮಾರು 58.7 ಲೀಟರ್. ಅಂದ್ರೆ 355 ಮಿಲೀ ಕ್ಯಾನ್ ಲೆಕ್ಕದಲ್ಲಿ 165. ಹತ್ತು ಜನ ಇದ್ರೂ ತಲೆಗೆ 16 ಮೀರುತ್ತೆ. ಮುಗಿಸೋಕಾಗದ ಅಳತೆ ಅದು, ಗೊತ್ತಿದ್ದೇ ಇಟ್ಟಿರೋದು.

ಬಿಯರ್‌ಗಿಂತ ಅಪಾಯ ಬಾಟಲಿ. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದ್ರೆ 14 ಗ್ರಾಂ ಶುದ್ಧ ಆಲ್ಕೋಹಾಲ್, 40 ಪರ್ಸೆಂಟಿನ ಮದ್ಯದಲ್ಲಿ 44 ಮಿಲೀ. 750 ಮಿಲೀ ಬಾಟಲಿ ಒಂದರಲ್ಲಿ ಹೀಗೆ 17 ಇವೆ, 238 ಗ್ರಾಂ. 70 ಕೆಜಿ ಹುಡುಗನ ಮೈಯಲ್ಲಿ ಆಲ್ಕೋಹಾಲ್ ಹರಡೋ ಭಾಗ ಸುಮಾರು 0.68, ಅಂದ್ರೆ 47.6 ಕೆಜಿ. ಭಾಗಿಸಿ ನೋಡಿ, ರಕ್ತದಲ್ಲಿ 0.5 ಪರ್ಸೆಂಟ್ ಹತ್ರ. 0.4 ದಾಟಿದ್ರೆ ಉಸಿರಾಟ ನಡೆಸೋ ಮಿದುಳಿನ ಭಾಗವೇ ಮಂಕಾಗಬಹುದು. ಲಿವರ್ ಗಂಟೆಗೆ ಇಳಿಸೋದು 0.015 ಮಾತ್ರ. ಕಾಫಿ, ತಣ್ಣೀರು ಸ್ನಾನ, ಮಜ್ಜಿಗೆ, ಯಾವುದೂ ಈ ವೇಗ ಹೆಚ್ಚಿಸಲ್ಲ.

ಎಡವಟ್ಟಾಗೋ ಜಾಗ ಇದು: ಬಾಟಲಿ ಬೇಗ ಮುಗಿಸಿದವನು ಆ ಕ್ಷಣಕ್ಕೆ ಚೆನ್ನಾಗೇ ಇರ್ತಾನೆ. ಹೊಟ್ಟೇಲಿರೋದು ರಕ್ತಕ್ಕೆ ಇಳಿಯೋಕೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ಎಲ್ಲರೂ ಚಪ್ಪಾಳೆ ತಟ್ಟಿ ಸೋಫಾ ಮೇಲೆ ಮಲಗಿಸಿ ಹೋದ ಮೇಲೆ ಮಟ್ಟ ಏರ್ತಾ ಇರುತ್ತೆ.

ಲಾಸ್ಟ್‌ಬಸ್:
ನಮ್ಮ ಪೆಗ್ ಲೆಕ್ಕದಲ್ಲಿ ಹೇಳಿ ಡಾಕ್ಟ್ರೇ, 44 ಮಿಲೀ ಯಾರಿಗೆ ಅರ್ಥ ಆಗುತ್ತೆ.

ವಾರ್ಡ್ನಂಬರ್7:
ನಮ್ಮ 60 ಮಿಲೀ ಲಾರ್ಜ್, 42.8 ಪರ್ಸೆಂಟ್ ವಿಸ್ಕಿ ಅಂದ್ರೆ 20 ಗ್ರಾಂ, ಅವರ ಒಂದೂವರೆ ಡ್ರಿಂಕ್ ಹತ್ರ. ಅವರ ಕಾನೂನಿನಲ್ಲಿ ಗಾಡಿ ಓಡಿಸೋ ಮಿತಿ ಬಹುತೇಕ ಕಡೆ 0.08, ನಮ್ಮದು 0.03. ಈಗ 0.5 ಏನು ಅಂತ ನೀವೇ ಅಂದಾಜು ಮಾಡಿ.

ಗ್ರೀಕ್‌ಬೀದಿ:
ಆ ಬಾಟಲಿಗೆ ಹೆಸರೇ ಇದೆ, 'ಫ್ಯಾಮಿಲಿ ಬಾಟಲ್'. ಬಿಗ್ ಬ್ರದರ್ ರಾತ್ರಿ ಹಿರಿಯ ತನ್ನ 'ವಂಶ'ದ ಬಾಟಲಿಯನ್ನ ಕಿರಿಯನ ಕೈಗೆ ಕೊಡೋದು. 2017ರ ನವೆಂಬರ್‌ನಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸತ್ತ ವಿದ್ಯಾರ್ಥಿಯ ರಕ್ತದಲ್ಲಿ 0.447 ಇತ್ತು. 2021ರ ಮಾರ್ಚ್‌ನಲ್ಲಿ ಓಹಾಯೊದ ಬೌಲಿಂಗ್ ಗ್ರೀನ್‌ನಲ್ಲೂ ಇದೇ ಬಿಗ್-ಲಿಟಲ್ ರಾತ್ರಿ, ಇದೇ ಥರ ಬರ್ಬನ್ ವಿಸ್ಕಿ ಬಾಟಲಿ. 'ಗೋಟ್' ಹೊಡೆತದ ಮೇಲೆ ಕಣ್ಣಿಟ್ಟಷ್ಟು ಇದರ ಮೇಲೆ ಇಟ್ಟಿಲ್ಲ, ಅದು ನನ್ನ ತಕರಾರು. ಏಟಿಗಿಂತ ಹೆಚ್ಚು ಜನರನ್ನ ಬಲಿ ತಗೊಳ್ಳೋದು ಪ್ರೀತಿಯಿಂದ ಕೊಟ್ಟ ಬಾಟಲಿ.

ವಾರ್ಡ್ನಂಬರ್7:
ಮಲಗಿಸೋ ವಿಧಾನದ ಬಗ್ಗೆ ಒಂದು ಮಾತು. 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ಪ್ಲೆಜ್ ಸತ್ತ ಪ್ರಕರಣದಲ್ಲಿ ಮನೆಯೊಳಗಿನ ಕ್ಯಾಮೆರಾಗಳಲ್ಲಿ ಎಲ್ಲಾ ದಾಖಲಾಗಿತ್ತು. 82 ನಿಮಿಷದಲ್ಲಿ 18 ಡ್ರಿಂಕ್. ಆಮೇಲೆ ನೆಲಮಾಳಿಗೆ ಮೆಟ್ಟಿಲಿಂದ ಬಿದ್ದ. ಬಿದ್ದವನ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಕಟ್ಟಿದ್ರು, ಅಂಗಾತ ಹೊರಳಿ ವಾಂತಿ ಗಂಟಲಿಗೆ ಸಿಕ್ಕಬಾರದು ಅಂತ. ಅಂದ್ರೆ ಅಪಾಯ ಏನು ಅಂತ ಅವರಿಗೆ ಗೊತ್ತಿತ್ತು, ಅದಕ್ಕೊಂದು ಉಪಾಯವೂ ಮೊದಲೇ ರೂಢಿಯಲ್ಲಿತ್ತು. ನೆರವಿಗೆ ಫೋನ್ ಮಾತ್ರ ಹೋಗಿದ್ದು ಸುಮಾರು 12 ಗಂಟೆ ಆದ ಮೇಲೆ. ಒಳಗೆ ತಲೆಬುರುಡೆ ಬಿರುಕು ಬಿಟ್ಟಿತ್ತು, ಗುಲ್ಮ ಒಡೆದಿತ್ತು. ಬ್ಯಾಗ್ ಅದಕ್ಕೇನು ಮಾಡುತ್ತೆ?

ನೋಡಬೇಕಾಗಿರೋದು ಬೇರೆ. ನಿಮಿಷಕ್ಕೆ ಎಂಟಕ್ಕಿಂತ ಕಮ್ಮಿ ಉಸಿರು, ಎರಡು ಉಸಿರಿನ ನಡುವೆ 10 ಸೆಕೆಂಡ್ ಮೀರಿದ ಬಿಡುವು, ತುಟಿ ಉಗುರು ನೀಲಿ, ಮೈ ತಣ್ಣಗೆ, ಚಿವುಟಿದ್ರೂ ಏಳದೇ ಇರೋದು. ಇದರಲ್ಲಿ ಒಂದು ಕಂಡ್ರೂ 'ನಿದ್ದೆ ಮಾಡಲಿ ಬಿಡು' ಅನ್ನೋ ಹಾಗಿಲ್ಲ. ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಮಂಡಿ ಮಡಚಿ ಮುಂದಕ್ಕಿಟ್ಟು, ಆಂಬುಲೆನ್ಸ್.

ಕಡಲತೀರದವ:
ಮಾರಾಯ್ರೆ, ಮದ್ಯ ಇಲ್ಲದಿದ್ರೆ ಸಾಯುದಿಲ್ಲ ಅಂತ ಲೆಕ್ಕವಾ? 2005ರಲ್ಲಿ ಕ್ಯಾಲಿಫೋರ್ನಿಯಾದ ಚೀಕೋದಲ್ಲಿ ಒಬ್ಬ ಹೋದದ್ದು ಬರೀ ನೀರು ಕುಡಿದು. ನೆಲಮಾಳಿಗೆ, ಚಳಿ, ಫ್ಯಾನ್ ಗಾಳಿ, ಪುಷ್-ಅಪ್, ಮತ್ತೆ ಮತ್ತೆ ದೊಡ್ಡ ಕ್ಯಾನಿನಿಂದ ನೀರು. ಮೂತ್ರಪಿಂಡ ಗಂಟೆಗೆ ಹೆಚ್ಚೆಂದ್ರೆ ಒಂದು ಲೀಟರ್ ಹೊರಗೆ ಹಾಕ್ತದೆ. ಅದಕ್ಕಿಂತ ಜಾಸ್ತಿ ಹೋದ್ರೆ ರಕ್ತದ ಸೋಡಿಯಂ ತೆಳ್ಳಗಾಗಿ ಮಿದುಳು ಊದುದು. ನೋಡುವವರಿಗೆ 'ನೀರು ತಾನೇ, ಎಂತ ಆಗ್ತದೆ' ಅಂತ ಕಾಣುದು. ಅಲ್ಲಿ ಅವನ ಹೆಸರಿನ ಹೇಜಿಂಗ್ ವಿರೋಧಿ ಕಾನೂನು 'ಮ್ಯಾಟ್ಸ್ ಲಾ' ಬಂದದ್ದು ಅದರಿಂದ, 2006ರಲ್ಲಿ.

ಮತ್ತೆ ನಿದ್ದೆ. 24 ಗಂಟೆ ಎಚ್ಚರ ಇದ್ದವನ ತಲೆ ಓಡುವುದು 0.10 ಕುಡಿದವನ ಹಾಗೆ. ಹೆಲ್ ವೀಕಲ್ಲಿ ಮೊದಲು ಕಿತ್ತುಕೊಳ್ಳುದೇ ನಿದ್ದೆ ಮತ್ತು ಫೋನ್. ಹಿಂದಿನಬೆಂಚು ಅವರೇ, ನಿಮ್ಮ 'ಯಾಕೆ ಎದ್ದು ಹೋಗುದಿಲ್ಲ'ಕ್ಕೆ ಇದೂ ಒಂದು ಉತ್ತರ.

ಶಾಯಿಬಾಟಲಿ:
ಆ ಪ್ರಶ್ನೆಗೆ ಮನಶ್ಶಾಸ್ತ್ರದವರ ಹಳೇ ಉತ್ತರವೂ ಒಂದಿದೆ. 1959ರಲ್ಲಿ ಆ್ಯರನ್ಸನ್ ಮತ್ತು ಮಿಲ್ಸ್ 63 ಕಾಲೇಜು ಹುಡುಗಿಯರನ್ನ ಮೂರು ಪಾಲು ಮಾಡಿದ್ರು. ಒಂದು ಗುಂಪು ಚರ್ಚಾಕೂಟಕ್ಕೆ ಸೇರೋ ಮೊದಲು ಪ್ರಯೋಗ ನಡೆಸೋನ ಮುಂದೆ ಅಶ್ಲೀಲ ಪದಗಳನ್ನ ಗಟ್ಟಿಯಾಗಿ ಓದಬೇಕು. ಇನ್ನೊಂದಕ್ಕೆ ಸಪ್ಪೆ ಪದಗಳು. ಮೂರನೇದಕ್ಕೆ ಏನೂ ಇಲ್ಲ. ಆಮೇಲೆ ಎಲ್ಲರಿಗೂ ಕೇಳಿಸಿದ್ದು ಪ್ರಾಣಿಗಳ ಲೈಂಗಿಕ ನಡವಳಿಕೆ ಬಗ್ಗೆ ಬೇಕಂತಲೇ ತಯಾರಿಸಿದ ಬೋರು ಹೊಡೆಸೋ ಚರ್ಚೆ. ಆ ಬೋರನ್ನ ಅತಿ ಹೆಚ್ಚು ಮೆಚ್ಚಿದ್ದು ಹೆಚ್ಚು ಮುಜುಗರ ಪಟ್ಟ ಗುಂಪು. ಇಷ್ಟು ಪಟ್ಟು ಸೇರಿದೀನಿ, ಕೆಟ್ಟದ್ದು ಹೇಗಿರುತ್ತೆ ಅಂತ ಮನಸ್ಸು ತಾನೇ ಸಮಜಾಯಿಷಿ ಕೊಟ್ಕೊಳ್ಳುತ್ತೆ.

ಸಿನಿಮಾದಲ್ಲಿ ಇದು ಜೇಮ್ಸ್ ಫ್ರ್ಯಾಂಕೋ ಪಾತ್ರದಲ್ಲಿದೆ. ಮಿಚ್ ಅನ್ನೋ ಹಳೇ ಸದಸ್ಯ, ಸಂಸಾರಸ್ಥ, ಮನೆಗೆ ಬಂದು ಕುಡಿದು ಹುಡುಗರ ಮಧ್ಯೆ ಮೈಮರೆಯೋದು. ಫ್ರ್ಯಾಂಕೋ ನಿರ್ಮಾಪಕರಲ್ಲಿ ಒಬ್ಬ ಅನ್ನೋ ಕಾರಣಕ್ಕೆ ಸೇರಿಸಿದ ಅತಿಥಿ ಪಾತ್ರ ಅಂತ ಬಹಳ ಜನ ತಳ್ಳಿಹಾಕ್ತಾರೆ. ನನಗೆ ಇಡೀ ಸಿನಿಮಾದಲ್ಲಿ ಅತ್ಯಂತ ಭಯ ಹುಟ್ಟಿಸಿದ್ದು ಆ ಐದು ನಿಮಿಷ.

ರೀಲುಡಬ್ಬ:
ಫ್ರ್ಯಾಂಕೋ ಭಾಗ ಅತಿ ಆಯ್ತು ಅಂತಲೇ ನನ್ನ ವಾದ. ಆದ್ರೆ ಮೊದಲ ಷಾಟ್ ನೋಡಿ ಗುರು. ಅಂಗಿಯಿಲ್ಲದ ಹುಡುಗರ ಹಿಂಡು, ಸ್ಲೋ ಮೋಷನ್, ಬಾಯಿ ಅಗಲ ತೆಗೆದು ಕೂಗ್ತಾ ಕುಣೀತಾರೆ. ಯಾರನ್ನ ನೋಡಿ ಕೂಗ್ತಿದ್ದಾರೆ ಅಂತ ಕ್ಯಾಮೆರಾ ತೋರಿಸಲ್ಲ. ಸಂಭ್ರಮವೋ ದಾಳಿಯೋ ಗೊತ್ತಾಗಲ್ಲ. ಆಮೇಲೆ ಬರೋ ಎಲ್ಲಾ ದೃಶ್ಯಕ್ಕೂ ಅದೇ ಕೀಲಿಕೈ. ಇನ್ನೊಂದು, ಕಾರು ದರೋಡೆ ಮತ್ತು ಹೇಜಿಂಗ್ ಎರಡನ್ನೂ ಕ್ಯಾಮೆರಾ ಬಹಳ ಹತ್ತಿರದಿಂದಲೇ ನೋಡುತ್ತೆ. ಎರಡು ಏಟಿಗೂ ಬೇರೆ ಬೇರೆ ವ್ಯಾಕರಣ ಇಲ್ಲ. ನಿರ್ದೇಶಕ ಹೇಳೋಕೆ ಹೊರಟಿದ್ದು ಅದನ್ನೇ.

ಕಾರಣ ಹುಡುಕೋರಿಗೆ: ಚಿತ್ರಕಥೆ ಬರೆದ ಮೂವರಲ್ಲಿ ಡೇವಿಡ್ ಗಾರ್ಡನ್ ಗ್ರೀನ್ ಒಬ್ಬ. ಮೂಲ ಬ್ರ್ಯಾಡ್ ಲ್ಯಾಂಡ್ 2004ರಲ್ಲಿ ಬರೆದ ಆತ್ಮಕಥನ, ಸೌತ್ ಕ್ಯಾರೊಲೈನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು. ಸಿನಿಮಾ ಅದನ್ನ 'ಬ್ರೂಕ್‌ಮನ್' ಅನ್ನೋ ಕಲ್ಪಿತ ಕಾಲೇಜು, 'ಫೈ ಸಿಗ್ಮಾ ಮ್ಯೂ' ಅನ್ನೋ ಕಲ್ಪಿತ ಸಂಘ ಮಾಡಿದೆ. ಟಿಪ್ಪಣಿಯಲ್ಲಿ ಎರಡನ್ನೂ ಕಲಸಬೇಡಿ.

ಹಿಂದಿನಬೆಂಚು:
ಕಲಸಿಬಿಟ್ಟಿದ್ದೆ. ತಿದ್ದಿದೆ, ಥ್ಯಾಂಕ್ಸ್.

ಅಜ್ಜಿಕಥೆ:
ಆಡಿನ ವಿಷಯಕ್ಕೆ ಯಾರೂ ಬರಲೇ ಇಲ್ಲವಲ್ಲ! ವಿಷಯಾಂತರ, ಮನ್ನಿಸಿ. ಅಮೆರಿಕದ ಗುಪ್ತಕೂಟಗಳಲ್ಲಿ ಹೊಸಬನನ್ನು 'ಆಡಿನ ಮೇಲೆ ಸವಾರಿ ಮಾಡಿಸೋದು' ಅನ್ನೋದು 19ನೇ ಶತಮಾನದ ಹಳೇ ತಮಾಷೆ. ಇಲಿನಾಯ್‌ನ ಗ್ರೀನ್‌ವಿಲ್ ಊರಲ್ಲಿ 1892ರಲ್ಲಿ ಶುರುವಾದ ಡಿಮೂಲಿನ್ ಬ್ರದರ್ಸ್ ಕಂಪನಿ ಇದನ್ನೇ ಕಸುಬು ಮಾಡ್ಕೊಂಡಿತ್ತು. ಚಕ್ರದ ಮೇಲಿನ ಉಬ್ಬರಿಳಿತದ ಆಡು, ಕೂತರೆ ಮುರಿದು ಬಿದ್ದು ಢಂ ಅನ್ನೋ ಕುರ್ಚಿ, ಬೆನ್ನಿಗೆ ಬಡಿದರೆ ಮದ್ದು ಸಿಡಿಯೋ ಹಲಗೆ. ಎಲ್ಲಾ ಕ್ಯಾಟಲಾಗ್ ನೋಡಿ ಆರ್ಡರ್ ಮಾಡಬಹುದಿತ್ತು. ಅದೇ ಕಂಪನಿ ಆಮೇಲೆ ಬ್ಯಾಂಡ್ ಸಮವಸ್ತ್ರಕ್ಕೆ ಹೆಸರಾಯ್ತು.

ನಮ್ಮಲ್ಲಿ 'ಬಕ್ರಾ ಮಾಡಿದರು' ಅಂತೀವಲ್ಲ, ಆ ಬಕ್ರಾನೂ ಆಡೇ. ಸಿನಿಮಾ ಹೆಸರನ್ನ ಕನ್ನಡಿಸೋದಾದ್ರೆ 'ಬಕ್ರಾ' ಅಂತಿಡಿ. ಗೇಲಿಗೆ ಸಿಕ್ಕವನು, ಬಲಿಗೆ ನಿಂತವನು, ಎರಡೂ ಬರುತ್ತೆ.

ಲಾಸ್ಟ್‌ಬಸ್:
'ಬಕ್ರಾ' ಅಂದ್ರೆ ಟಿವಿಯ ಕುಚೇಷ್ಟೆ ಕಾರ್ಯಕ್ರಮ ಅಂದ್ಕೊಂಡು ಮಕ್ಕಳನ್ನ ಕರ್ಕೊಂಡು ಬರ್ತಾರೆ ಅಜ್ಜಿ. ಬೇಡ.

ಗಿರಣಿಚಾಳ:
ಹರಕಿ ಕುರಿ ಅನ್ರಿ ಮತ್ತ. ಮಾಲಿ ಹಾಕಿ, ಮೇವು ಹಾಕಿ, ಮೆರವಣಿಗಿ ಮಾಡಿ ಒಯ್ಯೋದು. ರಷ್ ಅಂದ್ರ ಅದ ಅಲ್ಲೇನ್ರಿ?

ಸಾಲುಮರ:
'ಗೋಟ್' ಒಂದನ್ನೇ ನೋಡಿ ಫ್ರಟರ್ನಿಟಿ ಅಂದ್ರೆ ಇಷ್ಟೇ ಅಂದ್ಕೋಬೇಡಿ. ಅದು ಬಿಳಿಯರ ಮನೆಯ ಕಥೆ. ಕಪ್ಪು ವಿದ್ಯಾರ್ಥಿಗಳ ಸಂಘಗಳ ರೀತಿಯೇ ಬೇರೆ. ಜೆರಾರ್ಡ್ ಮೆಕ್‌ಮರ್ರಿಯ 'ಬರ್ನಿಂಗ್ ಸ್ಯಾಂಡ್ಸ್' (2017, ನೆಟ್‌ಫ್ಲಿಕ್ಸ್) ಜೊತೆಗಿಟ್ಟು ನೋಡಿ.

ಅಲ್ಲಿ 'ಡಿವೈನ್ ನೈನ್' ಅಂತ ಒಂಬತ್ತು ಸಂಘಗಳು, ಮೊದಲನೆಯದು 1906ರಲ್ಲಿ ಕಾರ್ನೆಲ್‌ನಲ್ಲಿ ಹುಟ್ಟಿದ ಆಲ್ಫಾ ಫೈ ಆಲ್ಫಾ. ಬೇರೆ ಯಾವ ಬಾಗಿಲೂ ತೆರೆಯದ ಕಾಲದಲ್ಲಿ ಕಟ್ಟಿಕೊಂಡದ್ದು, ಸದಸ್ಯತ್ವ ಜೀವಮಾನ ಪೂರ್ತಿ. ಕಮಲಾ ಹ್ಯಾರಿಸ್ ಹಾವರ್ಡ್‌ನಲ್ಲಿ ಸೇರಿದ ಆಲ್ಫಾ ಕಪ್ಪಾ ಆಲ್ಫಾ ಇದರಲ್ಲೊಂದು. ಒಳಗೆ ಬರೋ ಹೊಸಬರು ಒಂದು 'ಲೈನ್', ಸಾಮಾನ್ಯವಾಗಿ ಎತ್ತರದ ಪ್ರಕಾರ ಸಾಲು, ಪ್ರತಿಯೊಬ್ಬನಿಗೂ ನಂಬರ್. ಒಬ್ಬ ತಪ್ಪಿದ್ರೆ ಸಾಲಿಗೇ ಶಿಕ್ಷೆ. ಸಿನಿಮಾದ ಹೆಸರೇ 'ಸುಡುವ ಮರಳು ದಾಟೋದು', ದೀಕ್ಷೆ ಮುಗಿಸೋಕೆ ಅವರದೇ ನುಡಿಗಟ್ಟು.

1989ರಲ್ಲಿ ಮೋರ್‌ಹೌಸ್ ಕಾಲೇಜಿನಲ್ಲಿ ಒಂದು ಸಾವು ಆದ ಮೇಲೆ 1990ರಲ್ಲಿ ಈ ಸಂಘಗಳು ಪ್ಲೆಜಿಂಗ್ ರದ್ದು ಮಾಡಿ ಅರ್ಜಿ-ಸಂದರ್ಶನದ ಪದ್ಧತಿ ತಂದವು. ಫಲ ಏನಾಯ್ತು? ಬೆಳಕಲ್ಲಿ ನಡೀತಿದ್ದದ್ದು ಕತ್ತಲಿಗೆ ಹೋಯ್ತು. ಅರ್ಜಿ ಹಾಕಿ ಬರೀ ಕಾಗದದ ಮೇಲೆ ಬಂದವನಿಗೆ 'ಪೇಪರ್' ಅನ್ನೋ ಬೈಗುಳ ಅಂಟಿತು. ಅಧಿಕೃತ ಸದಸ್ಯ, ಆದ್ರೆ ಯಾರೂ ಕೈ ಕುಲುಕಲ್ಲ. 'ಬರ್ನಿಂಗ್ ಸ್ಯಾಂಡ್ಸ್'ನ ಜ್ಯೂರಿಕ್ ಪಕ್ಕೆಲುಬು ಮುರಿದರೂ ಸುಮ್ಮನಿರೋದು ಈ ಪೇಪರ್ ಪಟ್ಟ ತಪ್ಪಿಸಿಕೊಳ್ಳೋಕೆ. ನಿಷೇಧ ಕಾಗದದಲ್ಲಿ ಗೆದ್ದಿತು, ಅಂಗಳದಲ್ಲಿ ಸೋತಿತು.

ಶಾಯಿಬಾಟಲಿ:
ಇದು ನಾನು ಮೇಲೆ ಹೇಳಿದ 96 ಗಂಟೆ ನಿಯಮಕ್ಕೂ ಎಚ್ಚರಿಕೆ. ಒಪ್ಪಿದೆ.

ರೀಲುಡಬ್ಬ:
ಸ್ಪೈಕ್ ಲೀ 'ಸ್ಕೂಲ್ ಡೇಜ್' 1988ರಲ್ಲೇ ಬಂತಲ್ಲ, ಈ ರದ್ದತಿಗೆ ಎರಡು ವರ್ಷ ಮೊದಲು. ತಾನೇ ಓದಿದ ಮೋರ್‌ಹೌಸ್‌ನಲ್ಲಿ ಚಿತ್ರೀಕರಣ ಮಾಡ್ತಿದ್ದಾಗ ಕಾಲೇಜಿನವರು ಮಧ್ಯದಲ್ಲೇ ಅನುಮತಿ ಹಿಂತೆಗೆದುಕೊಂಡ್ರು.

ವಾರ್ಡ್ನಂಬರ್7:
ಹೊಸಬರಿಗೆ ಮರದ ಹಲಗೆಯಲ್ಲಿ ಹೊಡೆಯೋದರ ಬಗ್ಗೆ ಸೇರಿಸ್ತೀನಿ. ಮಾಂಸಖಂಡಕ್ಕೆ ಪದೇಪದೇ ಏಟು ಬಿದ್ರೆ, ಅಥವಾ ನೂರಾರು ಬಸ್ಕಿ ಹೊಡೆಸಿದ್ರೆ, ಸ್ನಾಯು ಒಡೆದು ಅದರೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಬಂದು ಮೂತ್ರಪಿಂಡದಲ್ಲಿ ಸಿಕ್ಕಿಕೊಳ್ಳುತ್ತೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದ್ರೆ ಅದೇ ಸೂಚನೆ. ಮೇಲ್ನೋಟಕ್ಕೆ ಬರೀ ಬಾಸುಂಡೆ. ಎರಡು ದಿನ ಆದ ಮೇಲೆ ಡಯಾಲಿಸಿಸ್. 'ಮುಖಕ್ಕೆ ಹೊಡೀಬೇಡಿ, ಕಾಣುತ್ತೆ' ಅನ್ನೋ ಅವರ ಜಾಣತನ ಇಲ್ಲೇ ಕೈಕೊಡೋದು.

ಹಿಂದಿನಬೆಂಚು:
ಸರಿ, ಮೂರನೇ ಪ್ರಶ್ನೆ ಹಾಗೇ ಉಳೀತು. ವಿಲ್ ಸಾವು.

ರೀಲುಡಬ್ಬ:
ಜಾರಿಕೆ ಅಂತಲೇ ನನ್ನ ಮತ. ಹೆಲ್ ವೀಕ್ ಕೋಣೆಯಲ್ಲೇ ಸತ್ತಿದ್ರೆ ಯಾರೋ ಒಬ್ಬನ ಕೈ ಕಾಣ್ತಿತ್ತು. ಈಗ ಹೃದಯ ನಿಂತಿತು ಅನ್ನೋದಷ್ಟೇ ಉಳಿಯುತ್ತೆ, ಪ್ರೇಕ್ಷಕನ ಸಿಟ್ಟಿಗೆ ವಿಳಾಸವೇ ಇಲ್ಲ.

ಕಲಮುಕಟ್ಟೆ:
ವಿಳಾಸ ಇಲ್ಲದಿರೋದೇ ನಿಜಕ್ಕೆ ಹತ್ತಿರ. ಮೊಕದ್ದಮೆಗಳು ಎಡವೋದು ಇಲ್ಲೇ. ಹತ್ತು ಜನ ಬಾಟಲಿ ಹಿಡಿದಿದ್ದಾರೆ, ಕೊನೆ ಗುಟುಕು ಕುಡಿಸಿದ್ದು ಯಾರು? ಅದಕ್ಕೇ ಹೊಸ ಕಾನೂನುಗಳು 'ಯಾರಿಂದ ಸತ್ತ' ಅನ್ನೋದನ್ನ ಬಿಟ್ಟು 'ಏನು ಮಾಡಿಸಿದ್ರು' ಅನ್ನೋದನ್ನೇ ಹಿಡೀತಿವೆ. ಲೂಯಿಸಿಯಾನದ 2018ರ ಮ್ಯಾಕ್ಸ್ ಗ್ರೂವರ್ ಕಾಯ್ದೆ ನೋಡಿ. ಸಾವು ಅಥವಾ ಗಂಭೀರ ಗಾಯ ಆದರೂ ಸರಿ, ಬಲವಂತದ ಕುಡಿತದಲ್ಲಿ ರಕ್ತದ ಮಟ್ಟ 0.30 ಮುಟ್ಟಿದ್ರೂ ಸರಿ, 5 ವರ್ಷದವರೆಗೆ ಜೈಲು. ಸಾಯಲೇಬೇಕು ಅಂತಿಲ್ಲ. ಪೆನ್ಸಿಲ್ವೇನಿಯಾ ಅದೇ ವರ್ಷ ಗಂಭೀರ ಹೇಜಿಂಗನ್ನ 7 ವರ್ಷದವರೆಗಿನ ಅಪರಾಧ ಮಾಡ್ತು. ಫ್ಲಾರಿಡಾ 2019ರಲ್ಲಿ ಒಂದು ಚತುರ ಕೆಲಸ ಮಾಡ್ತು: ಮೊದಲು ತುರ್ತು ನಂಬರ್ 911ಕ್ಕೆ ಫೋನ್ ಮಾಡಿ, ಜೊತೆಗೇ ನಿಂತು ನೆರವಾದವನಿಗೆ ಈ ಅಪರಾಧದಿಂದ ವಿನಾಯಿತಿ. ಆ 12 ಗಂಟೆಯ ಮೌನ ಒಡೆಯೋಕೆ.

ಕ್ಲೆಮ್ಸನ್‌ದೇ ಕೇಳಿ. 2014ರಲ್ಲಿ ಅಲ್ಲಿ ಟಕರ್ ಹಿಪ್ಸ್ ಅನ್ನೋ ಒಬ್ಬ ಪ್ಲೆಜ್ ಸತ್ತ. ಸೌತ್ ಕ್ಯಾರೊಲೈನಾದಲ್ಲಿ ಟಕರ್ ಹಿಪ್ಸ್ ಪಾರದರ್ಶಕತೆ ಕಾಯ್ದೆ ಬಂದಿದ್ದು 2016ರಲ್ಲಿ, ಈ ಸಿನಿಮಾ ಬಂದ ವರ್ಷವೇ. ಯಾವ ಸಂಘ ಯಾವ ತಪ್ಪಿಗೆ ಸಿಕ್ಕಿಬಿತ್ತು ಅಂತ ಸರ್ಕಾರಿ ವಿಶ್ವವಿದ್ಯಾಲಯಗಳು ಬಹಿರಂಗ ಪಟ್ಟಿ ಹಾಕಬೇಕು. 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ 'ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್' ಬಂತು. 2025ರಿಂದ ಕಾಲೇಜುಗಳು ಪ್ರಕರಣಗಳನ್ನ ಎಣಿಸಿ ಪ್ರಕಟಿಸಲೇಬೇಕು. 'ಅದು ನಮ್ಮ ಜಾಗ ಅಲ್ಲ' ಅಂದು ಬಿಡೋದು ಈಗ ಮೊದಲಿನಷ್ಟು ಸುಲಭ ಅಲ್ಲ.

ಗ್ರೀಕ್‌ಬೀದಿ:
ನ್ಯಾಷನಲ್ ಕಚೇರಿಗಳ ಆಟವನ್ನೂ ಬರೀಬೇಕು. ಪ್ರತಿ ಸಂಘಕ್ಕೂ ಒಂದು ಕೇಂದ್ರ ಕಚೇರಿ, ಅದರ ಕೆಳಗೆ ಚಾಪ್ಟರ್‌ಗಳು, ಕಟ್ಟಡ ಎಷ್ಟೋ ಸಲ ಮೂರನೇ ಸಂಸ್ಥೆಯ ಹೆಸರಲ್ಲಿ. ಕೇಂದ್ರದ ನಿಯಮಪುಸ್ತಕದಲ್ಲಿ ಹೇಜಿಂಗ್ ನಿಷೇಧ ದಪ್ಪಕ್ಷರದಲ್ಲಿದೆ. ಸಾವಾದ ಮರುದಿನ 'ನಮ್ಮ ನಿಯಮ ಮೀರಿದ್ದಾರೆ' ಅಂತ ಚಾಪ್ಟರ್‌ನ ಸನದು ಕಿತ್ಕೊಳ್ತಾರೆ. ಹಾಗೆ ಮಾಡಿದ ಕೂಡಲೇ 19 ವರ್ಷದ ಹುಡುಗ, ಅವನ ಅಪ್ಪನ ಮನೆ ವಿಮೆ, ಇವರಿಬ್ಬರೇ ಕಟಕಟೆಯಲ್ಲಿ. 2019ರ ಸೆಪ್ಟೆಂಬರ್‌ನಿಂದ ಅಂತರ-ಫ್ರಟರ್ನಿಟಿ ಒಕ್ಕೂಟ ಮನೆಗಳಲ್ಲಿ 15 ಪರ್ಸೆಂಟ್ ಮೀರಿದ ಮದ್ಯ ಬೇಡ ಅಂತು, ಲೈಸೆನ್ಸ್ ಇರೋ ಹೊರಗಿನವರು ಬಡಿಸಿದ್ರೆ ಮಾತ್ರ ಸರಿ. ಬೌಲಿಂಗ್ ಗ್ರೀನ್ ಸಾವು ಅದಾದ ಮೇಲಿನದು, ನಡೆದಿದ್ದು ಕ್ಯಾಂಪಸ್ ಹೊರಗಿನ ಬಾಡಿಗೆ ಮನೆಯಲ್ಲಿ.

ಸಾಲುಮರ:
ವಿಲ್ ಬಗ್ಗೆ ನಂದೂ ಒಂದು. ಅವನು ಕೋಣೆಯಲ್ಲಿ ಸತ್ತಿದ್ರೆ ಬ್ರ್ಯಾಡ್‌ಗೆ ಆಯ್ಕೆ ಸುಲಭ ಆಗ್ತಿತ್ತು. ಆಮೇಲೆ ಸತ್ತದ್ದರಿಂದ 'ಇದಕ್ಕೂ ಅದಕ್ಕೂ ಸಂಬಂಧ ಇಲ್ಲ' ಅಂತ ಎಲ್ಲರೂ ಹೇಳಬಹುದು, ಹೇಳ್ತಾರೂ. ಬ್ರ್ಯಾಡ್‌ನ ತಲೆ ಮಾತ್ರ ಒಪ್ಪಲ್ಲ.

ರೀಲುಡಬ್ಬ:
ಹ್ಮ್. ಅರ್ಧ ಒಪ್ಪಿದೆ. ಫ್ರ್ಯಾಂಕೋ ವಿಷಯದಲ್ಲಿ ಒಪ್ಪಲ್ಲ.

ಹಿಂದಿನಬೆಂಚು:
ಪದಗಳ ವಿಷಯ ಮುಗಿಸಿ. ಬಿಡ್ = ಕರೆ, ಆ್ಯಕ್ಟಿವ್ = ಒಳಗಿನವ, ಇನಿಷಿಯೇಶನ್ = ದೀಕ್ಷೆ. ಪ್ಲೆಜ್ = ಉಮೇದುವಾರ?

ಅಜ್ಜಿಕಥೆ:
ಉಮೇದುವಾರ ಅಂದ್ರೆ ಪಂಚಾಯ್ತಿ ಚುನಾವಣೆ ನೆನಪಾಗುತ್ತಪ್ಪ.

ಗಿರಣಿಚಾಳ:
ದೀಕ್ಷಾ ಅಂದ್ರ ಮಠದ ವಾಸನಿ ಬರ್ತದ. ಅವರು ಮಾಡೋದು ಎಲ್ಲಿ, ದೀಕ್ಷಾ ಎಲ್ಲಿ. 'ಒಳಗ ತೊಗೊಳ್ಳೋದು' ಅಂತ ಸೀದಾ ಬರೀರಿ. ಪ್ಲೆಜ್‌ಗೆ 'ಹೊಸಬ' ಸಾಕು.

ಕಡಲತೀರದವ:
'ಹೊಸಬ' ಒಳ್ಳೆದುಂಟು. 'ಬ್ರದರ್' ಅನ್ನೋದನ್ನ ಮಾತ್ರ 'ಅಣ್ಣ' ಮಾಡಬೇಡಿ. ನಿಜವಾದ ಸೋದರ ಬ್ರೆಟ್ ಒಬ್ಬ, ಮತ್ತೆ ಮನೆ ತುಂಬ ಹೇಳಿಕೊಳ್ಳುವ ಬ್ರದರ್‌ಗಳು. ಎಲ್ಲರೂ ಅಣ್ಣ ಆದ್ರೆ ಇಡೀ ಸಿನಿಮಾದ ಜಗಳವೇ ಅಳಿಸಿ ಹೋಗ್ತದೆ.

ಹಿಂದಿನಬೆಂಚು:
ಇದು ಸರಿಯಾದ ಮಾತು. ಬ್ರೆಟ್‌ಗೆ 'ಒಡಹುಟ್ಟಿದವ', ಉಳಿದವರಿಗೆ 'ಬ್ರದರ್' ಅಂತಲೇ ಬಿಡ್ತೀನಿ. ಹೆಸರು 'ಗೋಟ್' ಇರಲಿ, ಕೆಳಗೆ ಸಣ್ಣಕ್ಷರದಲ್ಲಿ 'ಹರಕೆಯ ಕುರಿ'.

ಉಪ್ಪಿಟ್ಟುವಿರೋಧಿ:
ಎಲ್ಲಾ ಓದಿದೆ. ಇನ್ನೊಂದೇ ಡೌಟು, ನಿಕ್ ಜೋನಸ್ ಹಾಡ್ತಾನಾ?

ರೀಲುಡಬ್ಬ:
ಇಲ್ಲ. ಕೂಗಾಟ ಬೇಕಾದಷ್ಟಿದೆ.